ಓದುಗರ ಹೂದೋಟ: ಕುಂಡದಲ್ಲಿ ಕಾಣೆಯಾಗುವ ಸ್ನೋಡ್ರಾಪ್

ಪ್ರಶ್ನೆ: ಮಾನ್ಯರೇ, ನಾವು ಹಲವು ವರ್ಷಗಳಿಂದ ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ನೆಲೆಸಿದ್ದೇವೆ. ಫೆಬ್ರುವರಿಯಲ್ಲಿ ಅರಳುವ ಸಾಮಾನ್ಯ ಸ್ನೋಡ್ರಾಪ್, ಅಂದರೆ ಗೆಡ್ಡೆಯಿಂದ ಬೆಳೆಯುವ ಆ ಪುಟ್ಟ ಬಿಳಿ ಹೂವಿನ ಗಿಡ, ನಮ್ಮ ಹಿತ್ತಲಿನಲ್ಲಿ ಯಾರ ಆರೈಕೆಯೂ ಇಲ್ಲದೆ ಹಬ್ಬಿಕೊಂಡಿದೆ. ದೀಪಾವಳಿಯ ಹೊತ್ತಿಗೆ ಅರಳುವ ಬಗೆಗಳೂ ಇವೆಯೆಂದು ತಿಳಿದು, ಮೂರು ವರ್ಷಗಳ ಹಿಂದೆ ಗ್ಯಾಲಾಂಥಸ್ ರೆಜಿನೇ-ಓಲ್ಗೇಯ ಐದು ಗೆಡ್ಡೆಗಳನ್ನೂ ಗ್ಯಾಲಾಂಥಸ್ ಪೆಶ್ಮೇನಿಯ ಮೂರು ಗೆಡ್ಡೆಗಳನ್ನೂ ತಂದು ಸುಟ್ಟ ಮಣ್ಣಿನ ಕುಂಡಗಳಲ್ಲಿ ನೆಟ್ಟೆ. ಮೊದಲ ವರ್ಷ ಎಲ್ಲವೂ ಹೂಬಿಟ್ಟವು, ಮರುವರ್ಷ ನಾಲ್ಕು ಮಾತ್ರ. ಈ ಸಲ ಓಲ್ಗೇಯ ಕುಂಡದಲ್ಲಿ ಒಂದೇ ಒಂದು ಗಿಡ ಎಲೆ ತೋರಿದೆ. ಇವು ಗ್ರೀಸ್ ಮತ್ತು ಟರ್ಕಿಯ ಒಣ ಬೇಸಿಗೆಗೆ ಒಗ್ಗಿದವೆಂದು ಓದಿದ್ದರಿಂದ, ಮೇ ತಿಂಗಳಿನಿಂದ ನೀರು ನಿಲ್ಲಿಸಿ ಕುಂಡಗಳನ್ನು ದಕ್ಷಿಣದ ಗೋಡೆಯ ಬಿಸಿಲಿಗೆ ಇಡುತ್ತಿದ್ದೆ. ತಪ್ಪಿದ್ದೆಲ್ಲಿ?

ಉತ್ತರ: ತಾವು ಓದಿದ್ದು ಸರಿಯೇ, ಆದರೆ ಅದು ಬೆಟ್ಟಕ್ಕೆ ಹೇಳಿದ ಮಾತು. 1876ರಲ್ಲಿ ಗ್ರೀಸಿನ ಸಸ್ಯವಿಜ್ಞಾನಿ ಥಿಯೋಡೋರಸ್ ಓರ್ಫನಿಡೀಸ್ ತಮ್ಮ ದೇಶದ ರಾಣಿ ಓಲ್ಗಾಳ ಹೆಸರನ್ನು ಇಟ್ಟ ಆ ಸಸ್ಯವು ಪೆಲೊಪೊನೀಸ್‌ನ ಟೈಗೆಟಸ್ ಪರ್ವತದಂಥ ಕಡೆಗಳಲ್ಲಿ, ಹೆಚ್ಚಾಗಿ ಮರಗಳ ನೆರಳಿನಲ್ಲಿ, ಕಣಿವೆಗಳಲ್ಲಿ ಮತ್ತು ತೊರೆಗಳ ದಂಡೆಯಲ್ಲಿ ಬೆಳೆಯುತ್ತದೆ. ಅಲ್ಲಿ ಬೇಸಿಗೆಯಲ್ಲಿ ಮಳೆ ಇಲ್ಲವೆಂಬುದು ನಿಜವಾದರೂ, ಕೊಳೆತ ಎಲೆಗಳ ಹೊದಿಕೆಯ ಕೆಳಗೆ ಆಳದಲ್ಲಿ ಮಲಗಿರುವ ಗೆಡ್ಡೆಗೆ ತಂಪೂ ಇರುತ್ತದೆ, ಕೊಂಚ ಪಸೆಯೂ ಇರುತ್ತದೆ. ಗೋಡೆಯ ಬದಿಯ ಕುಂಡಕ್ಕೆ ಇವೆರಡೂ ಇಲ್ಲ. ಬಿಸಿಲು ಮೇಲಿನಿಂದಲ್ಲದೆ ಪಕ್ಕದಿಂದಲೂ ಬೀಳುತ್ತದೆ, ಗೋಡೆ ಹೀರಿಕೊಂಡ ಕಾವು ಸಂಜೆಯವರೆಗೂ ತಾಗುತ್ತಿರುತ್ತದೆ, ಸುಟ್ಟ ಮಣ್ಣು ತನ್ನ ರಂಧ್ರಗಳಿಂದ ಉಳಿದ ತೇವವನ್ನೂ ಹೊರಹಾಕುತ್ತದೆ. ಸಾಂಬಾರ್ ಈರುಳ್ಳಿಗಿಂತ ದೊಡ್ಡದಾಗದ ಈ ಗೆಡ್ಡೆಯ ಹೊರಸಿಪ್ಪೆ ಬಹಳ ತೆಳು; ಈರುಳ್ಳಿಯಂತೆ ಬುಟ್ಟಿಯಲ್ಲಿ ತಿಂಗಳುಗಟ್ಟಲೆ ಒಣಗಿಸಿ ಇಡುವ ಜಾತಿಗೆ ಇದು ಸೇರುವುದಿಲ್ಲ. ತಮ್ಮ ಗೆಡ್ಡೆಗಳು ಜುಲೈ, ಆಗಸ್ಟ್‌ನಲ್ಲಿಯೇ ಸತ್ತಿರಬೇಕು. ಸುದ್ದಿ ತಲುಪಿದ್ದು ಮಾತ್ರ ಅಕ್ಟೋಬರಿನಲ್ಲಿ.

ಹಾಗೆಂದು ಬಿಸಿಲೊಂದರ ಮೇಲೆಯೇ ತಪ್ಪು ಹೊರಿಸಲಾರೆ. ಎಲೆ ಬಂದಿರುವ ಗಿಡವನ್ನು ಬೇರಿನ ಮಣ್ಣು ಕದಡದಂತೆ ಬೇರೆ ಇಟ್ಟು, ಉಳಿದ ಮಣ್ಣನ್ನು ಒಂದು ದಿನಪತ್ರಿಕೆಯ ಮೇಲೆ ಸುರಿದು ಬೆರಳಿನಿಂದ ಬಿಡಿಸಿ ನೋಡಿರಿ. ಒಣಗಿ ಚಪ್ಪಟೆಯಾದ ಸಿಪ್ಪೆ ಮಾತ್ರ ಸಿಕ್ಕರೆ ಮೇಲಿನ ಕಾರಣವೇ ನಿಜ. ಗೆಡ್ಡೆಯ ಬುಡ ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಅದು ಕೊಳೆರೋಗ. ಸಿಪ್ಪೆಯ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಕಾಳುಗಳು ಅಂಟಿಕೊಂಡಿದ್ದರೆ ಬೋಟ್ರೈಟಿಸ್ ಗ್ಯಾಲಂಥಿನಾ ಎಂಬ ಬೂಷ್ಟು ಹಿಡಿದಿರಬಹುದು, ಅಂಥ ಕುಂಡದ ಮಣ್ಣನ್ನು ಗಿಡಗಳ ಬುಡಕ್ಕೆ ಹಾಕದೆ ಕಸಕ್ಕೇ ಎಸೆಯುವುದು ಕ್ಷೇಮ.

ಇನ್ನೊಂದು ಶತ್ರುವಿನ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಬರೆಯಬೇಕಾಗಿದೆ, ಏಕೆಂದರೆ ಅದರಿಂದ ನಾನೂ ಪೆಟ್ಟು ತಿಂದವನು. ಇಂಗ್ಲೆಂಡಿನಲ್ಲಿದ್ದ ದಿನಗಳಲ್ಲಿ ಒಮ್ಮೆ ನನ್ನ ಕುಂಡದ ಗೆಡ್ಡೆಯೊಂದನ್ನು ಹೊರತೆಗೆದಾಗ, ಹೊರಗಿನಿಂದ ಅದು ದುಂಡಗೆ ಆರೋಗ್ಯವಾಗಿಯೇ ಕಂಡಿತು. ಹೆಬ್ಬೆರಳಿನಿಂದ ಒತ್ತಿದೊಡನೆ ಕುಸಿದು ಒಳಗಿನಿಂದ ಕಂದು ಹಿಕ್ಕೆಯ ಕೆಸರೂ ಅದರ ನಡುವೆ ಮಾಸಲು ಬಣ್ಣದ ದಪ್ಪನೆಯ ಒಂದು ಹುಳುವೂ ಹೊರಬಂದವು. ನಾರ್ಸಿಸಸ್ ನೊಣದ ಮರಿ ಅದು. ದೊಡ್ಡ ನೊಣ ನೋಡಲು ರೋಮಭರಿತ ದುಂಬಿಯಂತೆ ಇರುವುದರಿಂದ, ಪರಾಗಕ್ಕೆ ಬಂದ ಅತಿಥಿಯೆಂದು ನಾನು ಅದನ್ನು ಮೆಚ್ಚಿಕೊಂಡೇ ನೋಡಿದ್ದೆ. ಮೇ ಕೊನೆಯಿಂದ ಜುಲೈವರೆಗಿನ ಬಿಸಿಲಿನ ದಿನಗಳಲ್ಲಿ, ಎಲೆಗಳು ಒಣಗಿ ಮಣ್ಣಿನಲ್ಲಿ ಬಿಟ್ಟುಹೋದ ಸಂದಿಯ ಬಳಿ ಹೆಣ್ಣುನೊಣ ಮೊಟ್ಟೆಯಿಡುತ್ತದೆ. ಮರಿ ಕೆಳಗಿಳಿದು ಬುಡದಿಂದ ಗೆಡ್ಡೆಯನ್ನು ಹೊಕ್ಕು ಒಳಗಿನ ತಿರುಳನ್ನೆಲ್ಲ ತಿನ್ನುತ್ತದೆ. ಸಾಮಾನ್ಯವಾಗಿ ಒಂದು ಗೆಡ್ಡೆಗೆ ಒಂದೇ ಹುಳು, ಆದರೆ ಇಷ್ಟು ಚಿಕ್ಕ ಗೆಡ್ಡೆಗೆ ಒಂದೇ ಸಾಕು. ಈ ನೊಣಕ್ಕೆ ಬೆಚ್ಚಗಿನ ಬಿಸಿಲ ತಾಣವೇ ಪ್ರಿಯ, ಅಂದರೆ ತಾವು ಕುಂಡ ಇಟ್ಟ ಜಾಗವೇ. ಎಲೆ ಒಣಗಿದ ಮೇಲೆ ಆ ಸಂದಿಯನ್ನು ಮಣ್ಣಿನಿಂದ ಮುಚ್ಚಿ, ಎರಡು ತಿಂಗಳು ಕುಂಡದ ಮೇಲೆ ಒತ್ತಾದ ಬಲೆ ಹೊದಿಸಿದರೆ ಸಾಕಾಗುತ್ತದೆ.

ಮುಂದಿನ ಸಲ ಗೆಡ್ಡೆ ತಂದಾಗ ಸುಟ್ಟ ಮಣ್ಣಿನ ಚಿಕ್ಕ ಕುಂಡವನ್ನು ಬಿಟ್ಟು, ಆಳವಾದ ಕುಂಡವನ್ನೋ, ಕೊಳದ ಗಿಡಗಳಿಗೆ ಬಳಸುವ ಜಾಲರಿಯ ಬುಟ್ಟಿಯನ್ನೋ ಆರಿಸಿಕೊಂಡು, ಅದನ್ನು ಅಂಚಿನವರೆಗೆ ಮರಳಿನ ಪಾತಿಯಲ್ಲಿ ಅಥವಾ ನೆಲದಲ್ಲಿಯೇ ಹೂಳುವುದು ಒಳ್ಳೆಯದು. ಹೂಳಿದ ಕುಂಡ ಬೇಸಿಗೆಯಲ್ಲಿ ಕಾಯುವುದಿಲ್ಲ, ಚಳಿಗಾಲದಲ್ಲಿ ಅಡಿಯವರೆಗೆ ಹೆಪ್ಪುಗಟ್ಟುವುದೂ ಇಲ್ಲ. ಬರಿಯ ಪೀಟ್, ಅಂದರೆ ಜವುಗುನೆಲದಿಂದ ಅಗೆದ ಅರೆಕೊಳೆತ ಸಸ್ಯಪದಾರ್ಥ, ತುಂಬಿದ ಮಿಶ್ರಣ ಬೇಡ. ಅದು ಒಮ್ಮೆ ಒಣಗಿದರೆ ಕುಗ್ಗಿ ನೀರನ್ನೇ ಒಲ್ಲೆನ್ನುತ್ತದೆ, ನೆನೆದರೆ ಜವುಗಾಗುತ್ತದೆ. ಅಲ್ಲಿ ಜಾನ್ ಇನ್ನೆಸ್ ಎಂಬ ಹೆಸರಿನಲ್ಲಿ ಸಿಗುವ ಮಣ್ಣಿನ ಮಿಶ್ರಣಕ್ಕೆ ಕೊಳೆತ ಎಲೆಯ ಗೊಬ್ಬರವನ್ನೂ ದಪ್ಪ ಮರಳು ಅಥವಾ ಸಣ್ಣ ಜಲ್ಲಿಯನ್ನೂ ಧಾರಾಳವಾಗಿ ಸೇರಿಸಿರಿ. ಗೆಡ್ಡೆಯ ಮೇಲೆ 5 ಸೆಂಟಿಮೀಟರ್‌ನಷ್ಟಾದರೂ ಮಣ್ಣಿರಲಿ. ಬೇಸಿಗೆಯಲ್ಲಿ ಸುತ್ತಲಿನ ಮರಳಿಗೆ ಆಗಾಗ ನೀರು ಚಿಮುಕಿಸಿದರೆ ಸಾಕು, ಕುಂಡದೊಳಗೆ ಸುರಿಯುವುದು ಬೇಡ. ಸೆಪ್ಟೆಂಬರಿನ ಆರಂಭದಲ್ಲಿ, ಮೇಲೆ ಏನೂ ಕಾಣದಿದ್ದರೂ, ಬೇರುಗಳು ಎಚ್ಚರಗೊಳ್ಳುವುದರಿಂದ ಆಗ ಒಮ್ಮೆ ಚೆನ್ನಾಗಿ ನೀರುಣಿಸಬೇಕು. ಓಲ್ಗೇಯಲ್ಲಿ ಹೂವು ಮೊದಲು ಬಂದು ಎಲೆ ಆಮೇಲೆ ಬೆಳೆಯುತ್ತದೆ. ಹೂ ಬಾಡಿತೆಂದು ಕುಂಡವನ್ನು ಮರೆತರೆ ಮುಂದಿನ ವರ್ಷದ ಗೆಡ್ಡೆ ಬಡವಾಗುತ್ತದೆ. ಎಲೆ ಹಸಿರಾಗಿರುವಷ್ಟು ಕಾಲ, ಟೊಮೇಟೊಗೆ ಹಾಕುವ ದ್ರವಗೊಬ್ಬರವನ್ನು ಅರ್ಧ ಪ್ರಮಾಣದಲ್ಲಿ ಆಗೊಮ್ಮೆ ಈಗೊಮ್ಮೆ ಕೊಡಬಹುದು.

ಪೆಶ್ಮೇನಿಯ ಸ್ವಭಾವ ಸ್ವಲ್ಪ ಬೇರೆ. 1994ರಲ್ಲಿ ಪ್ರತ್ಯೇಕ ಜಾತಿಯೆಂದು ವಿವರಿಸಲಾದ ಇದು ನೈಋತ್ಯ ಟರ್ಕಿಯಲ್ಲಿಯೂ ಎದುರಿನ ಗ್ರೀಸಿನ ಕಾಸ್ಟೆಲೊರಿಝೋ ದ್ವೀಪದಲ್ಲಿಯೂ ಸುಣ್ಣಕಲ್ಲಿನ ಬಿರುಕುಗಳಲ್ಲಿ ಬೆಳೆಯುವಂಥದು. ಬೇಸಿಗೆಯ ಒಣಗನ್ನು ಇದು ಓಲ್ಗೇಗಿಂತ ಚೆನ್ನಾಗಿ ತಾಳುತ್ತದೆ, ಆದರೆ ಕುಂಡ ಹೆಪ್ಪುಗಟ್ಟುವುದನ್ನು ಸಹಿಸದು. ಆದ್ದರಿಂದ ಕಡುಚಳಿಯ ರಾತ್ರಿಗಳಲ್ಲಿ ಕಾವಿಲ್ಲದ ಗಾಜಿನ ಮನೆಯ ಆಸರೆ ಬೇಕು. ಎರಡಕ್ಕೂ ಒಂದೇ ಉಪಚಾರ ಮಾಡಿದ್ದು ತಮ್ಮ ಎರಡನೆಯ ತಪ್ಪು. ಕುಂಡದ ಗೊಡವೆಯೇ ಸಾಕೆನಿಸಿದರೆ, ಸ್ನೋಡ್ರಾಪ್‌ಗಳಲ್ಲೇ ಎಲ್ವೆಸಿಯೈ ಎಂಬ ಜಾತಿಯ ಹಿಯೆಮಾಲಿಸ್ ಗುಂಪಿನವನ್ನು ನೇರವಾಗಿ ನೆಲದಲ್ಲಿ, ಎಲೆ ಉದುರಿಸುವ ಪೊದೆಯ ಬುಡದಲ್ಲಿ ನೆಡಿರಿ. ಅವೂ ನವೆಂಬರ್, ಡಿಸೆಂಬರಿನಲ್ಲಿ ಅರಳುತ್ತವೆ. ಉಳಿದಿರುವ ಆ ಒಂದು ಗೆಡ್ಡೆ ಮುಂದೆ ಎರಡಾದಾಗ, ಒಂದನ್ನು ನೆರೆಯವರ ತೋಟದಲ್ಲಿ ಇಡಲು ಕೊಡಿರಿ. ಇದು ಔದಾರ್ಯದ ಮಾತಲ್ಲ. ತಮ್ಮದು ಸತ್ತಾಗ ಮರಳಿ ಕೇಳಲು ಒಂದು ಮನೆ ಇರಬೇಕು.

ಪ್ರಶ್ನೆ: ಲಂಡನ್ನಿನಲ್ಲಿರುವ ಮಗಳು ಮುಂದಿನ ತಿಂಗಳು ಬೆಂಗಳೂರಿಗೆ ಬರುತ್ತಾಳೆ. ನಾಲ್ಕು ಸ್ನೋಡ್ರಾಪ್ ಗೆಡ್ಡೆ ತರಲು ಹೇಳಲೇ?

ಉತ್ತರ: ಬೇಡ. ಸ್ನೋಡ್ರಾಪ್ ಸೇರಿರುವ ಗ್ಯಾಲಾಂಥಸ್ ಕುಲದ ಎಲ್ಲ ಜಾತಿಗಳೂ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ಅನುಮತಿಪತ್ರವೂ ಸಸ್ಯಾರೋಗ್ಯ ಪತ್ರವೂ ಇಲ್ಲದೆ ಪೆಟ್ಟಿಗೆಯಲ್ಲಿಟ್ಟು ತಂದರೆ ವಿಮಾನನಿಲ್ದಾಣದಲ್ಲಿಯೇ ಅವುಗಳ ಆಸೆ ಬಿಡಬೇಕಾದೀತು. ತಂದರೂ ಬದುಕವು: ಅವು ಮಲಗಬೇಕಾದ ತಿಂಗಳುಗಳಲ್ಲಿ ನಮ್ಮಲ್ಲಿ ಮಳೆ, ಬೆಳೆಯಬೇಕಾದ ತಿಂಗಳುಗಳಲ್ಲಿ ಬೇಕಾದಷ್ಟು ಚಳಿಯಿಲ್ಲ. ಅದೇ ಕುಟುಂಬಕ್ಕೆ ಸೇರಿದ ಮಳೆ ಲಿಲ್ಲಿಯನ್ನು ನೆಡಿರಿ. ಏಪ್ರಿಲ್‌ನಲ್ಲಿ ಕುಂಡವನ್ನು ಮೂರು ನಾಲ್ಕು ವಾರ ಒಣಗಲು ಬಿಟ್ಟು, ಮೊದಲ ಮಳೆಗೆ ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ಮೊಗ್ಗು ಕಾಣುತ್ತದೆ.