ಉಪಗ್ರಹದ ತಾಪಮಾನ: ಒಂದೇ ತಿಂಗಳಿಗೆ ಎರಡು ಅಂಕಿ ಏಕೆ?

ಒಂದೇ ತಿಂಗಳ ಕೆಳ ವಾಯುಮಂಡಲದ ತಾಪಮಾನಕ್ಕೆ ಯುಎಎಚ್ (ಅಮೆರಿಕದ ಹಂಟ್ಸ್‌ವಿಲ್‌ನಲ್ಲಿರುವ ಅಲಬಾಮಾ ವಿಶ್ವವಿದ್ಯಾಲಯ) ಮತ್ತು ಆರ್‌ಎಸ್‌ಎಸ್ (ರಿಮೋಟ್ ಸೆನ್ಸಿಂಗ್ ಸಿಸ್ಟಮ್ಸ್ ಎಂಬ ಸಂಸ್ಥೆ) ತಂಡಗಳು ಬೇರೆ ಬೇರೆ ಅಂಕಿ ಕೊಡುತ್ತಿರುವಾಗ ಯಾವುದನ್ನು ನಂಬಿ ಗ್ರಾಫ್ ಬಿಡಿಸಬೇಕು ಎಂದು ಕೇಳಿದ್ದೀರಿ. ಮೊದಲು ಆಧಾರ ಅವಧಿಯನ್ನು ನೋಡಿಕೊಳ್ಳಿ. ಇಬ್ಬರೂ ಪ್ರಕಟಿಸುವುದು ದೀರ್ಘಾವಧಿಯ ಸರಾಸರಿಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬ ವ್ಯತ್ಯಾಸವನ್ನು. ಯುಎಎಚ್ 2021ರಿಂದ 1991–2020ರ ಸರಾಸರಿಯನ್ನು ಹಿಡಿದಿದೆ, ಆರ್‌ಎಸ್‌ಎಸ್ 1979–1998ರದ್ದನ್ನು. ಆ ಹಳೆಯ ವರ್ಷಗಳು ತಂಪಾಗಿದ್ದುದರಿಂದ ಆರ್‌ಎಸ್‌ಎಸ್ ಅಂಕಿ ದೊಡ್ಡದಾಗಿ ಕಾಣುವುದು ಸಹಜ. ಪ್ರತಿ ಸರಣಿಯಲ್ಲೂ ಜನವರಿಗೆ ಜನವರಿಯ, ಫೆಬ್ರವರಿಗೆ ಫೆಬ್ರವರಿಯ ಎಂಬಂತೆ 1991–2020ರ ಸರಾಸರಿ ತೆಗೆದು ಕಳೆಯಿರಿ. ಅನಂತರ ಉಳಿಯುವ ಅಂತರವೇ ನಿಜವಾಗಿ ಚರ್ಚಿಸಬೇಕಾದದ್ದು.

ಆ ಅಂತರ ಹುಟ್ಟುವುದು ಅಳತೆಯ ರೀತಿಯಿಂದ. ಗಾಳಿಯ ಆಮ್ಲಜನಕವು 60 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಹೊರಸೂಸುವ ಮೈಕ್ರೋವೇವ್ ವಿಕಿರಣದ ತೀವ್ರತೆಯಿಂದ ಹಲವು ಕಿಲೋಮೀಟರ್ ದಪ್ಪದ ಒಂದು ಪದರದ ತಾಪಮಾನವನ್ನು ಲೆಕ್ಕ ಹಾಕುತ್ತಾರೆ. ಉಪಕರಣದ ಕನ್ನಡಿ ಪ್ರತಿ ಸುತ್ತಿನಲ್ಲೂ ಭೂಮಿಯನ್ನು ನೋಡಿದ ಮೇಲೆ ಸುಮಾರು 2.7 ಕೆಲ್ವಿನ್‌ನ ಆಳ ಬಾಹ್ಯಾಕಾಶದತ್ತ ತಿರುಗುತ್ತದೆ. ಬಳಿಕ ಪ್ಲಾಟಿನಂ ತಾಪಮಾಪಕಗಳನ್ನು ಅಳವಡಿಸಿದ, ಉಪಕರಣದೊಳಗಿನ ಬೆಚ್ಚಗಿನ ಫಲಕವೊಂದನ್ನು ನೋಡುತ್ತದೆ. ಈ ಎರಡು ಗೊತ್ತಾದ ಬಿಂದುಗಳ ನಡುವೆ ಭೂಮಿಯ ಅಳತೆ ನಿಲ್ಲುತ್ತದೆ. ಇದು ಬಹಳ ಅಚ್ಚುಕಟ್ಟಾದ ವ್ಯವಸ್ಥೆ ಎಂದೇ ನಾನು ಭಾವಿಸುತ್ತೇನೆ.

ಕಷ್ಟವಿರುವುದು ಜೋಡಣೆಯಲ್ಲಿ. 1978ರಲ್ಲಿ ಹಾರಿದ ಟೈರೋಸ್-ಎನ್‌ನಿಂದ ಇಂದಿನವರೆಗಿನ ಅನೇಕ ಉಪಗ್ರಹಗಳ ದಾಖಲೆಗಳನ್ನು ಒಂದಕ್ಕೊಂದು ಹೊಂದಿಸಬೇಕು. ಕಕ್ಷೆ ನಿಧಾನವಾಗಿ ಸರಿದಂತೆ, ಮಧ್ಯಾಹ್ನ ಹಾದುಹೋಗುತ್ತಿದ್ದ ಉಪಗ್ರಹ ಕೆಲವು ವರ್ಷಗಳಲ್ಲಿ ಸಂಜೆಯ ಹೊತ್ತಿಗೆ ಹಾದುಹೋಗತೊಡಗುತ್ತದೆ. ಸರಿಪಡಿಸದಿದ್ದರೆ ಸಂಜೆಯ ತಂಪು, ಹವಾಮಾನವೇ ತಂಪಾಗುತ್ತಿರುವಂತೆ ದಾಖಲಾಗುತ್ತದೆ. ಕಕ್ಷೆಯ ಎತ್ತರ ಕುಸಿಯುವುದರಿಂದಲೂ ಸುಳ್ಳು ತಂಪು ಸೇರಿಕೊಳ್ಳುತ್ತದೆ ಎಂದು ಆರ್‌ಎಸ್‌ಎಸ್‌ನ ವಿಜ್ಞಾನಿಗಳಾದ ವೆಂಟ್ಜ್ ಮತ್ತು ಶಾಬೆಲ್ 1998ರಲ್ಲಿ ತೋರಿಸಿದರು. 2005ರಲ್ಲಿ ಅದೇ ಸಂಸ್ಥೆಯ ಮಿಯರ್ಸ್ ಮತ್ತು ವೆಂಟ್ಜ್, ಯುಎಎಚ್‌ನ ದಿನಮಾನದ ತಿದ್ದುಪಡಿಯಲ್ಲಿ (ಹಾದುಹೋಗುವ ಹೊತ್ತು ಸರಿಯುವುದಕ್ಕೆ ಮಾಡುವ ತಿದ್ದುಪಡಿ) ದೋಷವಿದೆ ಎಂದು ತೋರಿಸಿದಾಗ ಆ ತಂಡ ಅದನ್ನು ಒಪ್ಪಿ ತಿದ್ದಿಕೊಂಡಿತು. ಇಂತಹ ತಿದ್ದುಪಡಿಗಳಲ್ಲಿ ಇಂದಿಗೂ ಇಬ್ಬರ ಆಯ್ಕೆ ಬೇರೆ. ಯುಎಎಚ್‌ನ ಏರಿಕೆಯ ದರ ಆರ್‌ಎಸ್‌ಎಸ್‌ಗಿಂತ ಕಡಿಮೆ, ಆದರೆ ಎರಡರಲ್ಲೂ ತಾಪ ಏರುತ್ತಿದೆ.

ಆದ್ದರಿಂದ ಎರಡನ್ನೂ ಒಂದೇ ಗ್ರಾಫ್‌ನಲ್ಲಿ ಹಾಕಿ, ದತ್ತಾಂಶದ ಆವೃತ್ತಿಯ ಸಂಖ್ಯೆಯನ್ನೂ ಪದರದ ಹೆಸರನ್ನೂ ತಪ್ಪದೆ ಬರೆಯಿರಿ. ಮಧ್ಯ ವಾಯುಮಂಡಲದ ಸರಣಿಯನ್ನು ಕೆಳ ವಾಯುಮಂಡಲದ್ದರ ಜೊತೆ ಬೆರೆಸಬೇಡಿ, ಏಕೆಂದರೆ ತಂಪಾಗುತ್ತಿರುವ, ಇನ್ನೂ ಮೇಲಿನ ಪದರವಾದ ವಾಯುಸ್ತರಗೋಳದ (ಸ್ಟ್ರಾಟೋಸ್ಫಿಯರ್) ಒಂದಂಶ ಅದರಲ್ಲಿ ಸೇರಿ ಏರಿಕೆಯನ್ನು ತಗ್ಗಿಸಿ ತೋರಿಸುತ್ತದೆ.