ತಮ್ಮನ ಮದುವೆಯ ಸ್ಟೇಟಸ್

ಹರಿಹರ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರ ಪತ್ರ: "ತಮ್ಮನ ಮದುವೆಯಲ್ಲಿ ಕುಣಿದ ವಿಡಿಯೊ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದ್ದೆ. ಪೋಷಕರೊಬ್ಬರು ಅದನ್ನು ಕ್ಲಾಸಿನ ಗ್ರೂಪಿಗೆ ಹಾಕಿ, 'ಮಕ್ಕಳಿಗೆ ಇದನ್ನೇ ಕಲಿಸ್ತೀರಾ?' ಅಂತ ಕೇಳಿದರು. ಮಕ್ಕಳ ಹಾಡು, ಓದಿನ ವಿಡಿಯೊ ಇರುವ ಇನ್‌ಸ್ಟಾಗ್ರಾಂ ಖಾತೆಯನ್ನೂ ಮುಚ್ಚಿಬಿಡಲೇ?"

ಸಂಪಾದಕರ ಉತ್ತರ:

ತಮ್ಮನ ಮದುವೆಯಲ್ಲಿ ಅಕ್ಕ ಕುಣಿಯದೆ ಇನ್ಯಾರು ಕುಣಿಯಬೇಕು ಮೇಡಂ? ನೀವು ತಪ್ಪು ಮಾಡಿಲ್ಲ. ತೊಂದರೆ ಇರುವುದು ಫೋನಿನಲ್ಲಿ. ಬಿಸಿಯೂಟದ ಲೆಕ್ಕ, ಮೊಟ್ಟೆ ಹಂಚಿದ ಫೋಟೊ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಅವರ ಮೆಸೇಜು, ಜ್ವರ ಬಂದ ಮಗುವಿನ ಅಮ್ಮನ ಕರೆ, ಎಲ್ಲವೂ ಬರುವುದು ನಿಮ್ಮ ಸ್ವಂತ ನಂಬರಿಗೇ. ಹಾಗಾಗಿ ಪೋಷಕರ ನಂಬರನ್ನೂ ಸೇವ್ ಮಾಡಿಕೊಂಡಿದ್ದೀರಿ. ವಾಟ್ಸ್‌ಆ್ಯಪ್‌ಗೆ ಅವರೂ ನಿಮ್ಮ ಚಿಕ್ಕಮ್ಮನೂ ಒಂದೇ, ಸ್ಟೇಟಸ್ ಇಬ್ಬರಿಗೂ ಕಾಣುತ್ತದೆ. ಸಾಧ್ಯವಾದರೆ ಶಾಲೆಗೆಂದೇ ಇನ್ನೊಂದು ಸಿಮ್ ಇಟ್ಟುಕೊಳ್ಳಿ. ಆಗದಿದ್ದರೆ ಸ್ಟೇಟಸ್ ಪ್ರೈವಸಿಗೆ ಹೋಗಿ ಮನೆಯವರನ್ನಷ್ಟೇ ಆರಿಸಿಕೊಳ್ಳಿ. ಆದರೂ ಸ್ಕ್ರೀನ್‌ಶಾಟ್ ತೆಗೆಯುವವರನ್ನು ಯಾವ ಸೆಟ್ಟಿಂಗೂ ತಡೆಯುವುದಿಲ್ಲ, ಅದು ನೆನಪಿರಲಿ.

ಸರ್ಕಾರದ ನೀತಿಯನ್ನು ಟೀಕಿಸುವ ಪೋಸ್ಟ್ ಮಾತ್ರ ಬೇರೆ ವಿಷಯ. ಕರ್ನಾಟಕದ 2021ರ ನಾಗರಿಕ ಸೇವಾ ನಡತೆ ನಿಯಮಗಳು ನಿಮಗೂ ಅನ್ವಯಿಸುತ್ತವೆ. ಒಮ್ಮೆ ಓದಿಕೊಳ್ಳಿ.

ನನಗೆ ಜಾಸ್ತಿ ಚಿಂತೆ ಹತ್ತಿದ್ದು ಇನ್‌ಸ್ಟಾಗ್ರಾಂ ಬಗ್ಗೆ. ಒತ್ತಕ್ಷರಕ್ಕೆ ತಡವರಿಸುವ ಮಗುವನ್ನು ನೀವು ಮುದ್ದಿನಿಂದಲೇ ತೋರಿಸಿರುತ್ತೀರಿ. ಅದೇ ಮಗು ಹೈಸ್ಕೂಲಿಗೆ ಹೋದಾಗ ಗೆಳೆಯರು ಆ ವಿಡಿಯೊ ಹುಡುಕಿ ತೆಗೆದು ರೇಗಿಸಿದರೆ? ನಿಮ್ಮ ಕುಣಿತ ಒಂದೇ ಗ್ರೂಪಿಗೆ ಹೋದದ್ದಕ್ಕೆ ನಿಮಗೆ ಇಷ್ಟು ನೋವಾಯಿತು. ಆ ಮಗುವನ್ನಂತೂ ಯಾರೂ ಕೇಳಿಯೇ ಇಲ್ಲ. ವಿಡಿಯೊದಲ್ಲಿ ಮಗುವಿನ ಹಿಂದೆ ಶಾಲೆಯ ಬೋರ್ಡು ಕಂಡರಂತೂ, ಮಗು ದಿನವೂ ಎಲ್ಲಿರುತ್ತದೆ ಅನ್ನುವುದು ಗುರುತಿಲ್ಲದವರಿಗೂ ತಿಳಿಯುತ್ತದೆ. ಡಿಜಿಟಲ್ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಬಂದ ಕೇಂದ್ರದ ಕಾಯ್ದೆಯೂ 18 ತುಂಬದವರ ವಿಷಯದಲ್ಲಿ ಹೆತ್ತವರ ಒಪ್ಪಿಗೆ ಬೇಕು ಅನ್ನುತ್ತದೆ. ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದರೆ ಸಾಲದು. ಆ ಮಗುವಿನ ಅಪ್ಪ ಅಮ್ಮನನ್ನೇ ಕೇಳಿ. ಮಗುವನ್ನೂ ಕೇಳಿ. ಬೇಡ ಅಂದರೆ ಅಲ್ಲಿಗೆ ಬಿಡಿ.

ಖಾತೆ ಮುಚ್ಚಬೇಡಿ. ಆಟ-ಹಾಡಿನ ಮೂಲಕ ಕಲಿಸುವ ನಲಿ-ಕಲಿಯ ಹಾಡನ್ನು ನೀವೇ ಹಾಡಿ, ಅಕ್ಷರದ ಕಾರ್ಡುಗಳನ್ನು, ಮಣಿ ಎಣಿಸುವ ಪುಟ್ಟ ಕೈಗಳನ್ನು ತೋರಿಸಿ. ಪಕ್ಕದೂರಿನ ಹೊಸ ಟೀಚರ್‌ಗೆ ಬೇಕಾಗಿರುವುದು ಅದೇ. ಮುಖ ಕಾಣುವ ಹಳೆಯ ವಿಡಿಯೊಗಳನ್ನು ಈ ವಾರವೇ ತೆಗೆಯಿರಿ.

ಇನ್ನು ಆ ಪೋಷಕರಿಗೆ ಗ್ರೂಪಿನಲ್ಲಿ ಉತ್ತರ ಕೊಡಬೇಡಿ. ಶಾಲೆಗೇ ಕರೆಸಿ, ಹೆಡ್‌ಮಾಸ್ಟರ್ ಎದುರು ಕೂತು, "ಅದು ನನ್ನ ತಮ್ಮನ ಮದುವೆ" ಅಂತ ನೇರವಾಗಿ ಹೇಳಿ.