ಉಚಿತವಾಗಿದ್ದ ಆನ್‌ಲೈನ್ ಗೇಮಿಂಗ್ ಲಾಗಿನ್‌ಗೆ ಜನ ದುಡ್ಡು ಕೊಡುತ್ತಾರೆಯೇ?

ಬರೀ ಲಾಗಿನ್‌ಗೆ ಅಂದರೆ ಕೊಡುವುದಿಲ್ಲ. ಗೆಳೆಯರ ಜೊತೆ ಆಡಲು ಬೇರೆ ದಾರಿಯೇ ಇಲ್ಲವೆಂದಾದರೆ ಕೊಡುತ್ತಾರೆ.

ಸೋನಿಯ ಗೇಮಿಂಗ್ ಯಂತ್ರ ಪ್ಲೇಸ್ಟೇಷನ್ 3ರಲ್ಲಿ ಆನ್‌ಲೈನ್ ಆಟ ಪುಕ್ಕಟೆ ಇತ್ತು. 2013ರಲ್ಲಿ ಬಂದ ಪ್ಲೇಸ್ಟೇಷನ್ 4ರಲ್ಲಿ ಹೆಚ್ಚಿನ ಆಟಗಳನ್ನು ಆನ್‌ಲೈನ್‌ನಲ್ಲಿ ಆಡಲು 'ಪ್ಲೇಸ್ಟೇಷನ್ ಪ್ಲಸ್' ಎಂಬ ಚಂದಾ ಕಡ್ಡಾಯವಾಯಿತು. ಗೊಣಗುತ್ತಲೇ ಜನ ಕಟ್ಟಿದರು; ತಿಂಗಳು ತಿಂಗಳು ಕೆಲವು ಆಟಗಳೂ ಅದರೊಂದಿಗೆ ಸಿಗುತ್ತಿದ್ದವಲ್ಲ. ಇನ್ನೊಂದು ಗೇಮಿಂಗ್ ಯಂತ್ರ ನಿಂಟೆಂಡೊ ಸ್ವಿಚ್ ಕೂಡ ಆನ್‌ಲೈನ್ ಆಟವನ್ನು ಒಂದೂವರೆ ವರ್ಷ ಉಚಿತವಾಗಿ ಕೊಟ್ಟು, 2018ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ ಸುಮಾರು 20 ಡಾಲರ್ ಶುಲ್ಕ ಹಾಕಿತು.

ಪಿಸಿಯಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗಾಯಿತು. 2007ರಲ್ಲಿ ಮೈಕ್ರೋಸಾಫ್ಟ್ ಪಿಸಿ ಆಟಗಳ ತನ್ನ ಆನ್‌ಲೈನ್ ಸೇವೆ 'ಗೇಮ್ಸ್ ಫಾರ್ ವಿಂಡೋಸ್ ಲೈವ್'ನಲ್ಲಿ ಪೂರ್ಣ ಸೌಲಭ್ಯಕ್ಕೆ 'ಗೋಲ್ಡ್' ಎಂಬ ಹಣದ ಚಂದಾ ಕೇಳಿತು. ಪಕ್ಕದಲ್ಲೇ ಪಿಸಿ ಆಟಗಳ ಇನ್ನೊಂದು ಸೇವೆ ಸ್ಟೀಮ್ ಬಿಟ್ಟಿ ಇರುವಾಗ ಯಾರು ಕೊಡುತ್ತಾರೆ? ಮರುವರ್ಷವೇ ಅದನ್ನು ಉಚಿತ ಮಾಡಬೇಕಾಯಿತು. ನನಗಂತೂ ಅದು ಸರಿಯಾದ ನಿರ್ಧಾರ ಅನ್ನಿಸುತ್ತದೆ: ಆಟಕ್ಕೆ ಒಮ್ಮೆ ಹಣ ಕೊಟ್ಟವರ ಹತ್ತಿರ ಬಾಗಿಲು ತೆರೆಯಲು ಮತ್ತೆ ಕೇಳಬಾರದು.